ಭಾನುವಾರದ ಉದ್ಯಾನ: ಒಂದು ಚಿತ್ರದ ಬಣ್ಣವೂ ಧ್ವನಿಯೂ

ಚಿತ್ರವನ್ನು ಎದುರಿಗೆ ಇಡದೆ ಅದರ ಬಣ್ಣಗಳನ್ನು ಮಾತಿನಲ್ಲಿ ವಿವರಿಸಹೊರಡುವುದು ಎಲೆ ಹಾಕದೆ ಊಟದ ರುಚಿಯನ್ನು ವರ್ಣಿಸಿದಂತೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದರೂ ಕೆಲವು ಚಿತ್ರಗಳುಂಟು; ನಾಲ್ಕು ಮಾತು ಮೊದಲು ಕೇಳಿಕೊಂಡು ನೋಡಿದರೆ ಅವು ತೋರುವ ರೀತಿಯೇ ಬೇರೆ. ಫ್ರಾನ್ಸ್ ದೇಶದ ಜಾರ್ಜ್ ಸ್ಯೂರಾ ಎಂಬ ಚಿತ್ರಕಾರನು 1884ರಲ್ಲಿ ತೊಡಗಿ 1886ರಲ್ಲಿ ಮುಗಿಸಿದ ‘ಲಾ ಗ್ರಾಂದ್ ಜಾತ್ ದ್ವೀಪದಲ್ಲಿ ಒಂದು ಭಾನುವಾರ’ ಎಂಬ ಚಿತ್ರವು ಅಂಥದು. ಅದರ ಎತ್ತರ 7 ಅಡಿಗೆ ತುಸು ಕಡಿಮೆ, ಅಗಲ 10 ಅಡಿ. ನಮ್ಮ ಮನೆಗಳ ನಡುಮನೆಯ ಒಂದು ಗೋಡೆಯನ್ನು ಅದು ಸಲೀಸಾಗಿ ತುಂಬೀತು. ಅದನ್ನು ಬರೆಯಲು ಕೈಹಚ್ಚಿದಾಗ ಸ್ಯೂರಾನಿಗೆ 24 ವರ್ಷ.

ಗ್ರಾಂದ್ ಜಾತ್ ಎಂಬುದು ಪ್ಯಾರಿಸ್ ನಗರದ ವಾಯವ್ಯ ದಿಕ್ಕಿನಲ್ಲಿ ಸೇನ್ ನದಿಯ ನಡುವೆ ಇರುವ ಉದ್ದನೆಯ, ಕಿರಿದಾದ ದ್ವೀಪ. ವಾರವೆಲ್ಲ ದುಡಿದ ಪಟ್ಟಣಿಗರು ಭಾನುವಾರ ಅಲ್ಲಿಗೆ ಬಂದು ಮರದ ನೆರಳಿನಲ್ಲಿ ಕೂರುವುದು, ದೋಣಿಗಳನ್ನು ನೋಡುವುದು, ತಾವೂ ನಾಲ್ವರ ಕಣ್ಣಿಗೆ ಬೀಳುವುದು ಆ ಕಾಲದ ವಾಡಿಕೆ. ಸ್ಯೂರಾ ತಿಂಗಳುಗಟ್ಟಲೆ ಆ ದ್ವೀಪಕ್ಕೆ ಹೋಗಿ, ಅಂಗೈಯಗಲದ ಹಲಗೆಗಳ ಮೇಲೆ ಬಣ್ಣದಲ್ಲಿ, ಕಾಗದದ ಮೇಲೆ ಮಸಿಕಡ್ಡಿಯಲ್ಲಿ, ಹತ್ತಾರು ಕರಡುಗಳನ್ನು ಮಾಡಿಕೊಂಡನು. ಅವುಗಳಲ್ಲಿ ಒಂದು ಬಹಳ ಸ್ವಾರಸ್ಯವಾದುದು. ಅದರಲ್ಲಿ ಮರಗಳಿವೆ, ಹುಲ್ಲಿದೆ, ನೆರಳಿದೆ, ನದಿಯಿದೆ. ಒಬ್ಬ ಮನುಷ್ಯನೂ ಇಲ್ಲ. ನಾಟಕದವರು ಪಾತ್ರಗಳು ಬರುವುದಕ್ಕೆ ಮುಂಚೆ ಪರದೆ, ದೀಪಗಳನ್ನು ಸಜ್ಜುಮಾಡಿಕೊಳ್ಳುವಂತೆ ಆತನು ಮೊದಲು ಬರಿಯ ಉದ್ಯಾನವನ್ನು ಸಿದ್ಧಪಡಿಸಿಕೊಂಡು, ಆಮೇಲೆ ಜನರನ್ನು ಒಬ್ಬೊಬ್ಬರನ್ನಾಗಿ ತಂದು ನಿಲ್ಲಿಸಿದನು. ಚಿತ್ರದ ಅರ್ಥವನ್ನು ಹುಡುಕುವವರು ಈ ಕ್ರಮವನ್ನು ನೆನಪಿನಲ್ಲಿಡಬೇಕು. ಬೆಳಕು ಮೊದಲು, ಜನ ಆಮೇಲೆ.

ಈಗ ಚಿತ್ರದ ಒಳಕ್ಕೆ ಬರೋಣ. ನಮಗೆ ಅತಿ ಸಮೀಪದಲ್ಲಿ, ಚಿತ್ರದ ಕೆಳ ಅಂಚಿನ ಉದ್ದಕ್ಕೂ, ಅಗಲವಾದ ನೆರಳಿನ ಪಟ್ಟಿ. ಅದರಾಚೆಗೆ ಬಿಸಿಲು ಬಿದ್ದ ಹುಲ್ಲುಗಾವಲು. ಎಡಗಡೆಗೆ ನದಿ, ಅದರ ಮೇಲೆ ಹಾಯಿದೋಣಿ, ಹುಟ್ಟುದೋಣಿ, ಹೊಗೆದೋಣಿ. ನೆರಳಿನ ಬಲಭಾಗದಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಕಾಣುವ ದಂಪತಿಗಳು ನಿಂತಿದ್ದಾರೆ. ಗಂಡಸು ಎತ್ತರದ ಟೋಪಿ ಧರಿಸಿ ಚುಟ್ಟ ಹಿಡಿದಿದ್ದಾನೆ. ಹೆಂಗಸಿನ ಕೈಯಲ್ಲಿ ಕೊಡೆ. ಸೊಂಟದ ಹಿಂದೆ ಆ ಕಾಲದ ಷೋಕಿಯಂತೆ ಲಂಗ ಉಬ್ಬಿ ನಿಂತಿದೆ. ಆಕೆಯ ಇನ್ನೊಂದು ಕೈಯಲ್ಲಿ ಒಂದು ಹಗ್ಗ, ಹಗ್ಗದ ತುದಿಯಲ್ಲಿ ಒಂದು ಮಂಗ! ಎಡಗಡೆಗೆ, ತೋಳಿಲ್ಲದ ಅಂಗಿ ತೊಟ್ಟು ಪೈಪು ಸೇದುತ್ತ ಮೈಚಾಚಿ ಮಲಗಿರುವ ದೋಣಿಯಾಳು. ಅವನ ಹತ್ತಿರದಲ್ಲೇ, ಅವನನ್ನು ಕಂಡೂ ಕಾಣದವನಂತೆ, ಬೆತ್ತ ಹಿಡಿದು ನೆಟ್ಟಗೆ ಕುಳಿತ ಒಬ್ಬ ನಾಗರಿಕ. ನದಿಯ ಅಂಚಿನಲ್ಲಿ ಗಾಳ ಹಾಕಿ ಮೀನು ಹಿಡಿಯುತ್ತಿರುವ ಹೆಂಗಸು. ಹಿಂದೆ ತುತ್ತೂರಿ ಊದುವವನು, ಇಬ್ಬರು ಸೈನಿಕರು, ಬೆನ್ನು ತಿರುಗಿಸಿ ಕುಳಿತ ದಾದಿ, ಓಡುತ್ತಿರುವ ಹುಡುಗಿ, ನಾಯಿಗಳು. ಒಟ್ಟು ಐವತ್ತಕ್ಕೆ ಸಮೀಪ ಜನ. ಹೆಚ್ಚುಕಡಿಮೆ ಎಲ್ಲರೂ ಪಕ್ಕಕ್ಕೆ ತಿರುಗಿದವರು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲರ ನಡುವೆ, ಕಿತ್ತಳೆಗೆಂಪು ಕೊಡೆ ಹಿಡಿದ ತಾಯಿಯ ಪಕ್ಕದಲ್ಲಿ, ಬಿಳಿಯ ಉಡುಪಿನ ಒಂದು ಪುಟ್ಟ ಮಗು ಮಾತ್ರ ನೇರವಾಗಿ ನಮ್ಮ ಕಡೆಗೆ ನೋಡುತ್ತ ನಿಂತಿದೆ.

ಈ ಚಿತ್ರದ ಅಚ್ಚುಪ್ರತಿಯನ್ನು ತರಗತಿಯಲ್ಲಿ ತೋರಿಸಿದಾಗ ಹುಡುಗರು ಕೇಳುವ ಮೊದಲನೆಯ ಪ್ರಶ್ನೆ ಯಾವಾಗಲೂ ಒಂದೇ: ‘ಸಾರ್, ಮಂಗ ಯಾಕೆ?’ ವಿದ್ವಾಂಸರೂ ಈ ವಿಷಯದಲ್ಲಿ ಹುಡುಗರಿಗಿಂತ ಹಿಂದೆ ಬಿದ್ದಿಲ್ಲ. ಯೂರೋಪಿನ ಹಳೆಯ ಚಿತ್ರಗಳಲ್ಲಿ ಕಪಿಯು ಇಂದ್ರಿಯಚಾಪಲ್ಯದ ಗುರುತು. ಹೆಣ್ಣು ಕಪಿಯನ್ನು ಹೇಳುವ ಫ್ರೆಂಚ್ ಶಬ್ದಕ್ಕೆ ಅಂದಿನ ಬೀದಿಮಾತಿನಲ್ಲಿ ವೇಶ್ಯೆ ಎಂಬ ಅರ್ಥವೂ ಇತ್ತಂತೆ. ಮೀನು ಹಿಡಿಯುವುದಕ್ಕೂ ಪಾಪ ಮಾಡುವುದಕ್ಕೂ ಫ್ರೆಂಚಿನಲ್ಲಿ ಬಹುಮಟ್ಟಿಗೆ ಒಂದೇ ಉಚ್ಚಾರಣೆಯ ಕ್ರಿಯಾಪದಗಳಿವೆ. ಆದುದರಿಂದ ಗಾಳ ಹಿಡಿದವಳು ಹಿಡಿಯಬಯಸುವುದು ಮೀನನ್ನಲ್ಲ, ಗಂಡಸರನ್ನು ಎಂದು ಒಂದು ವ್ಯಾಖ್ಯಾನ. ಇರಬಹುದು. ಆ ದ್ವೀಪಕ್ಕೆ ಅಂಥ ಕೀರ್ತಿಯೂ ಇದ್ದೇ ಇತ್ತು. ಸ್ಯೂರಾ ಈ ಬಗೆಗೆ ಏನನ್ನೂ ಹೇಳಿ ಹೋಗಲಿಲ್ಲ. ಸ್ವಭಾವತಃ ಆತ ಮಿತಭಾಷಿ.

ನನ್ನ ಅಭಿಪ್ರಾಯದಲ್ಲಿ ಇವೆಲ್ಲ ಚಿತ್ರದ ಒಗಟುಗಳು. ಒಗಟು ಬಿಡಿಸಿದರೆ ಸಂತೋಷವೇನೋ ಆಗುತ್ತದೆ, ಆದರೆ ಬಿಡಿಸಿದ ಮೇಲೆ ಅಲ್ಲಿಗೆ ಮುಗಿಯಿತು. ನಮ್ಮ ಕಾವ್ಯಮೀಮಾಂಸೆಯಲ್ಲಿ ಶ್ಲೇಷೆಗೂ ಧ್ವನಿಗೂ ಇರುವ ವ್ಯತ್ಯಾಸವೂ ಇಂಥದೇ. ಶ್ಲೇಷೆಯಲ್ಲಿ ಎರಡನೆಯ ಅರ್ಥವನ್ನು ಕೋಶದಲ್ಲಿ ತೆಗೆದು ತೋರಿಸಬಹುದು. ಧ್ವನಿಯಾದರೋ ಯಾವ ಒಂದು ಶಬ್ದದಲ್ಲಿಯೂ ಇರುವುದಿಲ್ಲ. ಹೆಣ್ಣಿನ ಲಾವಣ್ಯವು ಒಂದೊಂದು ಅವಯವದಲ್ಲಿ ಹುಡುಕಿದರೆ ಸಿಕ್ಕದೆ ಎಲ್ಲವನ್ನೂ ಮೀರಿ ಹೊಳೆಯುವಂತೆ ಅದು ಹೊಳೆಯುತ್ತದೆಂದು ಆನಂದವರ್ಧನನ ಮತ. ಸ್ಯೂರಾನ ಚಿತ್ರದಲ್ಲಿ ಕಪಿ, ಗಾಳಗಳು ಶ್ಲೇಷೆಯ ಜಾತಿಯವು. ಅದರ ಧ್ವನಿಯಿರುವುದು ಬಣ್ಣದಲ್ಲಿ. ಇದನ್ನು ಸ್ಪಷ್ಟಪಡಿಸಲು ಬಣ್ಣಗಳ ಶಾಸ್ತ್ರವನ್ನು ಸ್ವಲ್ಪ ಹೇಳಬೇಕಾಗುತ್ತದೆ.

ಪ್ಯಾರಿಸಿನಲ್ಲಿ ಗೋಬ್ಲೆ ಎಂಬ ಪ್ರಸಿದ್ಧವಾದ ಸರ್ಕಾರಿ ನೇಯ್ಗೆ ಕಾರ್ಖಾನೆಯಿತ್ತು. ಗೋಡೆಗೆ ತೂಗುಹಾಕುವ ಚಿತ್ರಗಂಬಳಿಗಳನ್ನು ಅಲ್ಲಿ ನೇಯುತ್ತಿದ್ದರು. 1824ರಲ್ಲಿ ಅದರ ಬಣ್ಣಗಾರಿಕೆಯ ವಿಭಾಗಕ್ಕೆ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನು ಮುಖ್ಯನಾಗಿ ಬಂದನು. ಅಲ್ಲಿಯ ಕಪ್ಪು ನೂಲು ಸಾಲದು, ನೀಲಿ-ನೇರಿಳೆಗಳ ಪಕ್ಕದಲ್ಲಿ ಮಾಸಿದಂತೆ ಕಾಣುತ್ತದೆ ಎಂದು ದೂರು ಬಂದಿತ್ತು. ಶೆವ್ರಲ್ ಪರೀಕ್ಷಿಸಿ ನೋಡಿದನು; ಕಪ್ಪು ಬಣ್ಣದಲ್ಲಿ ದೋಷವೇನೂ ಇರಲಿಲ್ಲ. ದೋಷವಿದ್ದುದು ನೆರೆಹೊರೆಯಲ್ಲಿ! ಒಂದು ಬಣ್ಣವು ತನ್ನ ಪಕ್ಕದ ಬಣ್ಣವನ್ನು ನಮ್ಮ ಕಣ್ಣಿನಲ್ಲಿ ಬದಲಾಯಿಸುತ್ತದೆ ಎಂಬುದನ್ನು ಆತನು ಬಹುಕಾಲ ಪ್ರಯೋಗ ನಡೆಸಿ, 1839ರಲ್ಲಿ ದೊಡ್ಡ ಗ್ರಂಥವನ್ನಾಗಿ ಬರೆದನು. ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಿಳೆ ಹೀಗೆ ಒಂದಕ್ಕೊಂದು ಎದುರುಜೋಡಿಗಳು. ಇವನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡೂ ಹೆಚ್ಚು ಪ್ರಜ್ವಲಿಸುತ್ತವೆ. ವೀಳ್ಯದೆಲೆಯ ಮೇಲೆ ಇಟ್ಟ ಕುಂಕುಮವು ತಟ್ಟೆಯಲ್ಲಿರುವ ಅದೇ ಕುಂಕುಮಕ್ಕಿಂತ ಕೆಂಪಾಗಿ ತೋರುವುದನ್ನು ನಮ್ಮ ಗೃಹಿಣಿಯರು ಯಾವ ಗ್ರಂಥದ ಸಹಾಯವೂ ಇಲ್ಲದೆ ಬಲ್ಲರು. ಇನ್ನೂ ಒಂದು ಪ್ರಯೋಗವನ್ನು ಓದುಗರು ಮನೆಯಲ್ಲೇ ಮಾಡಬಹುದು. ಕೆಂಪು ಕಾಗದದ ಚೂರನ್ನು ಅರ್ಧ ನಿಮಿಷ ರೆಪ್ಪೆ ಹೊಡೆಯದೆ ನೋಡಿ, ಕೂಡಲೆ ಬಿಳಿಯ ಗೋಡೆಯನ್ನು ನೋಡಿರಿ. ಗೋಡೆಯ ಮೇಲೆ ನೀಲಿ ಬೆರೆತ ಹಸಿರಿನ ಛಾಯೆಯೊಂದು ತೇಲುತ್ತದೆ. ಕಾಗದದಲ್ಲಿ ಇಲ್ಲದ ಹಸಿರನ್ನು ಕೊಟ್ಟದ್ದು ನಮ್ಮ ಕಣ್ಣು.

ಇದರ ಜೊತೆಗೆ ಇನ್ನೊಂದು ಸಂಗತಿ. ಬಣ್ಣದ ಪುಡಿಗಳನ್ನು ಹಲಗೆಯ ಮೇಲೆ ಕಲಸಿದಷ್ಟೂ ಅವು ಮಂಕಾಗುತ್ತವೆ. ಬೆಳಕುಗಳನ್ನು ಬೆರೆಸಿದರೆ ಮಾತ್ರ ಹೊಳಪು ಹೆಚ್ಚುತ್ತದೆ. ಅಮೆರಿಕದ ಭೌತವಿಜ್ಞಾನಿ ಆಗ್ಡನ್ ರೂಡ್ 1879ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದನು. ಸ್ಯೂರಾ ಅದನ್ನು ಶ್ರದ್ಧೆಯಿಂದ ಓದಿಕೊಂಡಿದ್ದನು. ಬಣ್ಣಗಳನ್ನು ಕಲಸದೆ, ಶುದ್ಧವಾದ ಸಣ್ಣ ಚುಕ್ಕೆಗಳನ್ನಾಗಿ ಪಕ್ಕಪಕ್ಕದಲ್ಲಿ ಇಟ್ಟರೆ, ದೂರದಿಂದ ನೋಡುವವನ ಕಣ್ಣೇ ಅವನ್ನು ಬೆರೆಸಿಕೊಳ್ಳಲಿ ಎಂಬುದು ಆತನ ಯೋಚನೆ. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು ಬಣ್ಣವಾಗಿ ನೇಯ್ದ ರೇಷ್ಮೆಯ ಸೀರೆಯನ್ನು ನೆನೆದುಕೊಳ್ಳಿರಿ. ಎಳೆಎಳೆಯಾಗಿ ನೋಡಿದರೆ ನೀಲಿ ಬೇರೆ, ಹಸಿರು ಬೇರೆ. ಉಟ್ಟು ನಡೆದರೆ ಎರಡೂ ಅಲ್ಲದ ನವಿಲುಕೊರಳ ಬಣ್ಣ. ಮನೆಯ ಗೋಡೆಯಲ್ಲಿರುವ ಬಣ್ಣದ ಕ್ಯಾಲೆಂಡರನ್ನು ಭೂತಗನ್ನಡಿಯಲ್ಲಿ ನೋಡಿದರೂ ಇದೇ ಮರ್ಮ ತಿಳಿಯುತ್ತದೆ. ಅಲ್ಲಿ ದೇವರ ಮುಖವೂ ಕಮಲವೂ ಮಾಯವಾಗಿ ನಾಲ್ಕು ಬಣ್ಣಗಳ ಚುಕ್ಕೆಗಳು ಮಾತ್ರ ಉಳಿಯುತ್ತವೆ.

ಗ್ರಾಂದ್ ಜಾತ್ ಚಿತ್ರದ ಹುಲ್ಲನ್ನು ಹತ್ತಿರದಿಂದ ನೋಡಿದರೆ ಬಿಸಿಲಿನಲ್ಲಿ ಹಸಿರಿನ ಮೇಲೆ ಹಳದಿಯ, ಕಿತ್ತಳೆಯ ಕಣಗಳು. ನೆರಳಿನಲ್ಲಿ ನೀಲಿ, ನೇರಿಳೆಯ ಕಣಗಳು. ನೆರಳೆಂದರೆ ಬಿಸಿಲಿಗೆ ಕಪ್ಪು ಬಳಿದದ್ದಲ್ಲ, ಅದಕ್ಕೂ ತನ್ನದೇ ಬಣ್ಣವುಂಟು ಎಂದು ಈ ಚುಕ್ಕೆಗಳು ತೋರಿಸುತ್ತವೆ. ಆದರೆ ಒಂದು ಮಾತನ್ನು ಒಪ್ಪಬೇಕು. ಕಣ್ಣಿನಲ್ಲಿ ಬಣ್ಣಗಳು ಪೂರ್ತಿ ಬೆರೆತು ಒಂದಾಗುತ್ತವೆ ಎಂಬ ಸಿದ್ಧಾಂತವು ಚಿತ್ರದೆದುರಿಗೆ ಅಷ್ಟು ಚೊಕ್ಕವಾಗಿ ನಡೆಯುವುದಿಲ್ಲ. ಚುಕ್ಕೆಗಳು ಅದಕ್ಕೆ ತಕ್ಕಷ್ಟು ಸಣ್ಣವಲ್ಲ. ಎಲ್ಲ ಕಡೆಯೂ ಚುಕ್ಕೆಗಳಿಲ್ಲ, ಅಡಿಯಲ್ಲಿ ಮಾಮೂಲಿನ ಕುಂಚದ ಎಳೆತಗಳೂ ಇವೆ. ಬಣ್ಣಗಳು ಬೆರೆಯುವುದಕ್ಕೆ ಬದಲು ಬೆರೆಯಲೋ ಬೇಡವೋ ಎಂಬಂತೆ ಸಣ್ಣಗೆ ನಡುಗುತ್ತವೆ. ನಟ್ಟನಡು ಮಧ್ಯಾಹ್ನದ ಬಿಸಿಲಿನಲ್ಲಿ ಬಯಲಿನ ಗಾಳಿ ನಡುಗುವುದಿಲ್ಲವೆ, ಹಾಗೆ. ಜನರು ಕಂಬಗಳಂತೆ ನಿಂತಿದ್ದಾರೆ, ಅವರ ಸುತ್ತಲಿನ ಬೆಳಕು ಮಾತ್ರ ಜೀವಂತವಾಗಿದೆ. ಚಿತ್ರದ ಧ್ವನಿಯು ಹೊರಡುವುದು ಈ ವಿರೋಧದಿಂದಲೇ ಎಂದು ನನಗೆ ತೋರುತ್ತದೆ.

ಇದೇ ಚಿತ್ರಕಾರನು ಇದಕ್ಕೆ ಸ್ವಲ್ಪ ಮೊದಲು, 1884ರಲ್ಲಿ, ಹೆಚ್ಚುಕಡಿಮೆ ಇಷ್ಟೇ ದೊಡ್ಡದಾದ ಇನ್ನೊಂದು ಚಿತ್ರವನ್ನು ಬರೆದಿದ್ದನು. ಅದರ ಹೆಸರು ‘ಆನಿಯೇರ್‌ನಲ್ಲಿ ಸ್ನಾನ’. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದು ಅದೇ ನದಿಯ ಎದುರು ದಡ. ಅಲ್ಲಿ ಕೆಲಸಗಾರ ಹುಡುಗರು ಬಟ್ಟೆ ಕಳಚಿ ನೀರಿಗಿಳಿದಿದ್ದಾರೆ. ಹಿಂದೆ ಕಾರ್ಖಾನೆಗಳ ಹೊಗೆಕೊಳವೆಗಳು. ಎಲ್ಲೆಲ್ಲೂ ತೆರೆದ ಬಿಸಿಲು. ನದಿಯ ನಡುವೆ ಫ್ರಾನ್ಸಿನ ಬಾವುಟ ಕಟ್ಟಿದ ಸಣ್ಣ ದೋಣಿಯೊಂದು ಟೋಪಿಯ ದೊಡ್ಡಮನುಷ್ಯನನ್ನೂ ಕೊಡೆಯ ಹೆಂಗಸನ್ನೂ ಕೂರಿಸಿಕೊಂಡು ದ್ವೀಪದ ಕಡೆಗೆ ಹೊರಟಿದೆ. ಎರಡು ಚಿತ್ರಗಳನ್ನೂ ಮನಸ್ಸಿನಲ್ಲಿ ಎದುರುಬದುರಾಗಿ ಇಟ್ಟುಕೊಳ್ಳಿರಿ. ದುಡಿಯುವವರ ದಡ ಬಿಸಿಲಿನಲ್ಲಿದೆ, ಅವರ ಮೈ ಬರಿದಾಗಿ, ಸಡಿಲವಾಗಿ ಇದೆ. ದ್ವೀಪದ ದೊಡ್ಡಮನುಷ್ಯರು ಗುಂಡಿಯೆಲ್ಲ ಹಾಕಿಕೊಂಡು ನೆರಳಿನಲ್ಲಿ ನಿಂತಿದ್ದಾರೆ. ಇದನ್ನು ತಿಳಿಯಲು ಕಪಿಯ ನಿಘಂಟು ಬೇಕಾಗಿಲ್ಲ. ನೆರಳು ಎಲ್ಲಿ ಬಿದ್ದಿದೆಯೆಂದು ನೋಡಿದರೆ ಸಾಕು. ದ್ವೀಪದಲ್ಲಿ ನಡುಬಿಸಿಲಿನಲ್ಲಿ ನಿಂತವಳು ಬಿಳಿಯ ಉಡುಪಿನ ಆ ಮಗು. ನಿಜವಾಗಿ ಓಡುತ್ತಿರುವವಳೂ ಒಬ್ಬ ಹುಡುಗಿಯೇ. ದೊಡ್ಡವರಿಗೆ ನಿಲುವು, ಮಕ್ಕಳಿಗೆ ಬೆಳಕು ಎಂದು ಹಂಚಿಕೊಟ್ಟಂತಿದೆ.

ಬಣ್ಣಕ್ಕೂ ಭಾವಕ್ಕೂ ಇರುವ ಸಂಬಂಧವನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಚಿಂತಿಸಿದ್ದರು. ಭರತನ ನಾಟ್ಯಶಾಸ್ತ್ರದಲ್ಲಿ ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು ಎಂದು ಒಂದೊಂದು ರಸಕ್ಕೆ ಒಂದೊಂದು ವರ್ಣವನ್ನು ಹೇಳಿದೆ. ಸ್ಯೂರಾ ತನ್ನ ಕೊನೆಯ ಕಾಲದಲ್ಲಿ, 1890ರ ಆಗಸ್ಟ್ ತಿಂಗಳಲ್ಲಿ, ಒಬ್ಬ ಲೇಖಕನಿಗೆ ಬರೆದ ಕಾಗದದಲ್ಲಿ ಇಂಥದೇ ಒಂದು ಪಟ್ಟಿ ಇರುವುದನ್ನು ಕಂಡಾಗ ಪಂಡಿತನಾದವನಿಗೆ ಆಶ್ಚರ್ಯವಾಗುವುದು ಸಹಜ. ಬೆಳಕು ಮೇಲುಗೈಯಾಗಿ, ಬೆಚ್ಚನೆಯ ಬಣ್ಣಗಳು ಹೆಚ್ಚಾಗಿ, ಗೆರೆಗಳು ಮೇಲಕ್ಕೇರಿದರೆ ಹರ್ಷ; ಬೆಳಕು-ಕತ್ತಲೆ, ಬಿಸುಪು-ತಂಪು ಸಮಸಮವಾಗಿ ಗೆರೆ ಮಟ್ಟವಾಗಿದ್ದರೆ ಶಾಂತಿ; ಕತ್ತಲೆಯೂ ತಂಪು ಬಣ್ಣಗಳೂ ಹೆಚ್ಚಿ ಗೆರೆಗಳು ಕೆಳಕ್ಕೆ ಬಾಗಿದರೆ ವಿಷಾದ. ಇಷ್ಟೇ ಅದರ ಸಾರ. ಭರತನಿಗೂ ಸ್ಯೂರಾನಿಗೂ ಒಂದು ವ್ಯತ್ಯಾಸವಿದೆ. ಭರತನಲ್ಲಿ ಕೆಂಪೆಂದರೆ ಎಲ್ಲಿದ್ದರೂ ರೌದ್ರವೇ. ಸ್ಯೂರಾನಲ್ಲಿ ಒಂಟಿಯಾದ ಬಣ್ಣಕ್ಕೆ ಅರ್ಥವಿಲ್ಲ. ಅದರ ಪಕ್ಕದಲ್ಲಿ ಯಾವುದಿದೆ, ಯಾವುದರ ಪಾಲು ಎಷ್ಟು ಎಂಬುದರಿಂದ ಅರ್ಥ. ಪದದಲ್ಲಿ ಅಲ್ಲ, ವಾಕ್ಯದಲ್ಲಿ ಎಂದಂತಾಯಿತು.

ಹಾಗಾದರೆ ಗ್ರಾಂದ್ ಜಾತ್ ಚಿತ್ರದಲ್ಲಿ ಇರುವುದು ಹರ್ಷವೋ ವಿಷಾದವೋ? 1886ರ ಮೇ ತಿಂಗಳಲ್ಲಿ ಇಂಪ್ರೆಷನಿಸ್ಟರ ಎಂಟನೆಯ ಹಾಗೂ ಕೊನೆಯ ಪ್ರದರ್ಶನದಲ್ಲಿ ಅದನ್ನು ನೋಡಿದ ಬಹಳ ಮಂದಿ ಮರದ ಗೊಂಬೆಗಳೆಂದು ನಕ್ಕರು. ಫೆಲಿಕ್ಸ್ ಫೆನೆಯಾನ್ ಎಂಬ ತರುಣ ವಿಮರ್ಶಕನು ಮಾತ್ರ ಅದರ ಬೆಲೆಯನ್ನು ತಿಳಿದು ಬರೆದನು. ಈ ಪಂಥಕ್ಕೆ ನವ ಇಂಪ್ರೆಷನಿಸಂ ಎಂಬ ಹೆಸರಿಟ್ಟವನೂ ಆತನೇ. ಗ್ರೀಕರ ಪಾರ್ಥೆನಾನ್ ದೇಗುಲದ ಕಲ್ಲಿನಲ್ಲಿ ಕೆತ್ತಿದ ಉತ್ಸವದ ಮೆರವಣಿಗೆಯಂತೆ ತನ್ನ ಕಾಲದವರೂ ಸಾಲಾಗಿ ಸಾಗಬೇಕೆಂಬುದು ಸ್ಯೂರಾನ ಆಸೆಯಾಗಿತ್ತೆಂದು ಅವನನ್ನು ಬಲ್ಲವರು ತಿಳಿಸಿದ್ದಾರೆ. ಎಂದರೆ ಬಿಗಿತವು ಕೈಚಳಕ ಸಾಲದೆ ಬಂದದ್ದಲ್ಲ, ಬೇಕೆಂದು ತಂದದ್ದು. ಇಪ್ಪತ್ತನೆಯ ಶತಮಾನದಲ್ಲಿ ಎರ್ನ್ಸ್ಟ್ ಬ್ಲಾಖ್ ಎಂಬ ಜರ್ಮನ್ ತತ್ತ್ವಜ್ಞನು ಇದರಲ್ಲಿ ಭಾನುವಾರದ ಬರಿದುತನವನ್ನೇ ಕಂಡನು. ರಜೆ ಸಿಕ್ಕಿದೆ, ರಜೆಯನ್ನು ಏನು ಮಾಡಬೇಕೆಂದು ತಿಳಿಯದ ಜನ ಎಂಬುದು ಆತನ ದೃಷ್ಟಿ.

ಈ ತೀರ್ಪನ್ನು ಒಪ್ಪುವುದಕ್ಕೆ ಮೊದಲು ತಿಳಿಯತಕ್ಕ ಒಂದು ಸಂಗತಿ ಉಂಟು. ಸ್ಯೂರಾ ಚುಕ್ಕೆಗಳನ್ನಿಡುವಾಗ ಸತುವಿನ ಹಳದಿ ಎಂಬ ಹೊಸ ಬಣ್ಣವನ್ನು ಧಾರಾಳವಾಗಿ ಬಳಸಿದನು. ಅದು ಸತು ಮತ್ತು ಕ್ರೋಮಿಯಂಗಳ ಸಂಯುಕ್ತ. ಹಚ್ಚಿದಾಗ ನಿಂಬೆಹಣ್ಣಿನಂತೆ ಹೊಳೆಯುತ್ತದೆ. ಆದರೆ ಬಾಳಿಕೆ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ಹಳದಿಯ ಚುಕ್ಕೆಗಳು ಕಂದಿ ಕಾವಿಮಣ್ಣಿನ ಬಣ್ಣಕ್ಕೆ ತಿರುಗಿದವು, ಹಳದಿ ಬೆರೆತ ಎಳೆಹಸಿರು ಮಾಸಲು ಹಸಿರಾಯಿತು, ಕಿತ್ತಳೆಯೂ ಮಂಕಾಯಿತು. 1892ರಲ್ಲಿ, ಚಿತ್ರ ಮುಗಿದು ಆರು ವರ್ಷವಾಗುವಷ್ಟರಲ್ಲಿ, ಅದೇ ಫೆನೆಯಾನ್ ಈ ಕೇಡನ್ನು ಗುರುತಿಸಿ ಬರೆದನು. ಆ ವೇಳೆಗೆ ಸ್ಯೂರಾ ತೀರಿಕೊಂಡಿದ್ದನು. 1891ರ ಮಾರ್ಚ್ 29ರಂದು, 31ನೆಯ ವಯಸ್ಸಿನಲ್ಲಿ.

ನೆರಳಿನಲ್ಲಿ ಈ ಹಳದಿ ಅಷ್ಟಾಗಿ ಇರಲಿಲ್ಲ. ಹೆಚ್ಚಾಗಿ ಇದ್ದುದು ಬಿಸಿಲಿನಲ್ಲಿ. ಆದುದರಿಂದ ಕಾಲವು ಕೆಡಿಸಿದ್ದು ಮುಖ್ಯವಾಗಿ ಬಿಸಿಲನ್ನು. ಬಿಸಿಲಿಗೂ ನೆರಳಿಗೂ ಆತನು ಇಟ್ಟಿದ್ದ ಅಂತರ ಕುಗ್ಗಿತು. ಪಾಲುಪಾಲಾಗಿ ತೂಗಿ ಇಟ್ಟ ಬಣ್ಣಗಳಲ್ಲಿ ಒಂದರ ತೂಕ ಕಳೆದುಹೋದರೆ ವಾಕ್ಯದ ಅರ್ಥವೇ ಬದಲಾಗಬೇಕಷ್ಟೆ. ಇಂದು ಆ ಹುಲ್ಲನ್ನು ನೋಡಿ ಮಂಕು ಕವಿದ ಭಾನುವಾರವೆಂದು ಹೇಳುವವರು, ಆ ಮಂಕಿನಲ್ಲಿ ಚಿತ್ರಕಾರನ ಪಾಲೆಷ್ಟು, ಸತುವಿನ ಪಾಲೆಷ್ಟು ಎಂದು ಲೆಕ್ಕ ಹಾಕಬೇಕಾಗುತ್ತದೆ. ಜನರ ಬಿಗುಮಾನ, ಒಬ್ಬರನ್ನೊಬ್ಬರು ನೋಡದಿರುವುದು, ಇವು ಸ್ಯೂರಾನವೇ. ಅಲ್ಲಿ ಬ್ಲಾಖನ ಮಾತಿಗೆ ಬಲವಿದೆ. ಆದರೆ ಅವರ ಸುತ್ತ ಆತನು ಹರಡಿದ್ದ ಬೆಳಕು ಇಂದು ಕಾಣುವುದಕ್ಕಿಂತ ಬಹಳ ಉಲ್ಲಾಸದ್ದಾಗಿತ್ತು. ಇಷ್ಟು ಒಳ್ಳೆಯ ಬಿಸಿಲು, ಇಂಥ ಜನ! ಆ ನಗುಬೆರೆತ ವ್ಯಥೆಯೇ ಮೂಲದ ಧ್ವನಿಯಾಗಿದ್ದಿರಬೇಕೆಂದು ನನ್ನ ಊಹೆ.

ಚಿತ್ರವು 1924ರಲ್ಲಿ ಅಮೆರಿಕದ ಫ್ರೆಡರಿಕ್ ಬಾರ್ಟ್ಲೆಟ್ ದಂಪತಿಗಳ ಕೈಸೇರಿ, 1926ರಲ್ಲಿ ಅವರ ಸಂಗ್ರಹದ ಜೊತೆಗೆ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿಗೆ ಬಂದಿತು. 1958ರಲ್ಲಿ ಅದನ್ನು ಪ್ರದರ್ಶನಕ್ಕಾಗಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಎಂಬಲ್ಲಿಗೆ ಒಯ್ದಿದ್ದಾಗ ಏಪ್ರಿಲ್ 15ರಂದು ಆ ಕಟ್ಟಡಕ್ಕೆ ಬೆಂಕಿ ಬಿದ್ದು, ಒಬ್ಬ ಕೆಲಸಗಾರನು ಪ್ರಾಣ ಕಳೆದುಕೊಂಡನು. ಮೋನೆಯ ನೈದಿಲೆಯ ಚಿತ್ರವೊಂದು ಹಾಳಾಯಿತು. ಸ್ಯೂರಾನ ಚಿತ್ರವನ್ನು ಪಕ್ಕದ ಕಟ್ಟಡಕ್ಕೆ ಸಾಗಿಸಿ ಉಳಿಸಿದರು. ಅಂದಿನಿಂದ ಅದನ್ನು ಷಿಕಾಗೋ ಬಿಟ್ಟು ಹೊರಗೆ ಕಳುಹಿಸಿಲ್ಲ.

2004ರಲ್ಲಿ ಅಲ್ಲಿಯೇ ಈ ಚಿತ್ರದ ಕರಡುಗಳನ್ನೆಲ್ಲ ಕೂಡಿಸಿ ದೊಡ್ಡ ಪ್ರದರ್ಶನ ನಡೆಯಿತು. ಆಗ ಬಣ್ಣವಿಜ್ಞಾನಿಯಾದ ರಾಯ್ ಬರ್ನ್ಸ್ ಎಂಬವರು ಕಂದಿದ ಬಣ್ಣಗಳು ಮೊದಲು ಹೇಗಿದ್ದಿರಬೇಕೆಂದು ಗಣಿಸಿ, ಗಣಕಯಂತ್ರದ ಮೂಲಕ ಚಿತ್ರದ ಹೊಸ ಪ್ರತಿರೂಪವೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಹುಲ್ಲಿನ ಮೇಲೆ ಬಿಸಿಲು ಮತ್ತೆ ಏರಿದೆ. ಮೂಲದ ಮೇಲೆ ಮಾತ್ರ ಯಾರೂ ಹೊಸ ಹಳದಿಯನ್ನು ಹಚ್ಚಿಲ್ಲ, ಹಚ್ಚಕೂಡದು. ಕಂದಿದ್ದರೂ ಅದು ಆತನೇ ಇಟ್ಟ ಚುಕ್ಕೆ.

ಈ ಚಿತ್ರದ ಅಚ್ಚುಪ್ರತಿ ಓದುಗರಿಗೆ ಎಲ್ಲಿಯಾದರೂ ದೊರೆತರೆ ಮೊದಲು ಅದರ ಅಂಚನ್ನು ನೋಡಬೇಕು. 1889ರ ಸುಮಾರಿಗೆ ಸ್ಯೂರಾ ಚಿತ್ರದ ನಾಲ್ಕೂ ಕಡೆಗೆ ಕೆಂಪು, ಕಿತ್ತಳೆ, ನೀಲಿ ಚುಕ್ಕೆಗಳ ಒಂದು ಸಣ್ಣ ಅಂಚನ್ನು ಸೇರಿಸಿದನು, ಸೀರೆಗೆ ಅಂಚು ಕೂಡಿಸಿದಂತೆ. ಒಳಗಿನ ಬಣ್ಣಗಳಿಗೆ ಅದು ಎದುರುಜೋಡಿಯಾಗಿ ನಿಂತು ಅವನ್ನು ಎತ್ತಿ ಕೊಡುತ್ತದೆ. ಅಗ್ಗದ ಪ್ರತಿಗಳಲ್ಲಿ ಇದನ್ನು ಕತ್ತರಿಸಿ ಬಿಡುವುದುಂಟು. ಅಂಚಿರುವ ಪ್ರತಿಯನ್ನೇ ಹುಡುಕಿ, ಕಿಟಕಿಯ ಬೆಳಕಿನಲ್ಲಿ ಹಿಡಿದು, ಒಮ್ಮೆ ಹತ್ತಿರದಿಂದ, ಒಮ್ಮೆ ಕೋಣೆಯ ಆ ಮೂಲೆಯಿಂದ ನೋಡತಕ್ಕದ್ದು.